ವಾರಪತ್ರಿಕೆಯ ಹಳೆಯ ಫೈಲು ಸ್ಕ್ಯಾನ್ ಮಾಡಿಸುವುದು: ಶಿರಸಿಯ ಬೈಂಡಿಂಗ್ ಅಂಗಡಿಯೊಂದರ ಸೇವೆ ಹೇಗಿದೆ?

ಉತ್ತರ ಕನ್ನಡಕ್ಕೆ ವಾರಪತ್ರಿಕೆಗಳ ದೊಡ್ಡ ಪರಂಪರೆ ಇದೆ. ಕುಮಟೆಯ ‘ಕಾನಡಾ ವೃತ್ತ’, ದಿನಕರ ದೇಸಾಯಿಯವರ ‘ಜನಸೇವಕ’ ಜಿಲ್ಲೆಯಾಚೆಗೂ ಹೆಸರಾದವು. ಅವುಗಳ ಹಿಂದೆಮುಂದೆ ಗಟ್ಟದ ಮೇಲೂ ಕೆಳಗೂ ಎಷ್ಟೋ ಸಣ್ಣ ಪತ್ರಿಕೆಗಳು ನಡೆದವು. ಸಂಪಾದಕರೇ ಮಾಲೀಕರು, ಪ್ರೂಫ್ ನೋಡುವವರೂ ಅವರೇ, ವಾರಕ್ಕೊಮ್ಮೆ ಅಂಚೆಕಚೇರಿಗೆ ಕಟ್ಟು ಒಯ್ಯುವವರೂ ಅವರೇ. ಆ ಪತ್ರಿಕೆಗಳ ಫೈಲುಗಳು ಈಗ ಮನೆಯ ಅಟ್ಟದಲ್ಲೋ, ನಿಂತುಹೋದ ಪ್ರೆಸ್ಸಿನ ಹಿಂದಿನ ಕೋಣೆಯಲ್ಲೋ, ವಾಚನಾಲಯದ ಬೀರುವಿನ ಕೆಳಖಾನೆಯಲ್ಲೋ ಇವೆ. ಒಂದೊಂದು ಮಳೆಗಾಲಕ್ಕೂ ಅಷ್ಟಷ್ಟು ಹಾಳಾಗುತ್ತಿವೆ.

ಶಿರಸಿಯ ಬೈಂಡಿಂಗ್ ಅಂಗಡಿಯೊಂದು ಇಂಥ ಫೈಲುಗಳನ್ನು ತೆಗೆದುಕೊಂಡು ಬಿಚ್ಚಿ, ಹರಿದದ್ದನ್ನು ಸರಿಮಾಡಿ, ಸ್ಕ್ಯಾನ್ ಮಾಡಿ, ಹುಡುಕಲು ಬರುವಂತೆ ಅಕ್ಷರ ಗುರುತಿಸಿ, ಮತ್ತೆ ಹೊಲಿದು ಕೊಡುತ್ತದೆ. ಹಿಂದೆ ಮೊಳೆ (ಅಕ್ಷರಕ್ಕೊಂದರಂತೆ ಇರುವ ಲೋಹದ ಅಚ್ಚು) ಜೋಡಿಸುವ ಅಚ್ಚುಕೂಟವಾಗಿದ್ದ ಜಾಗವಾದ್ದರಿಂದ ಅಲ್ಲಿನ ಕೈಗಳಿಗೆ ಪತ್ರಿಕೆ ಎಂದರೇನೆಂದು ಗೊತ್ತು. ಮೊದಲೇ ಹೇಳಿಬಿಡುವುದಾದರೆ, ಕಾಗದ ನೋಡಿಕೊಳ್ಳುವ ರೀತಿ ಬಹಳ ಚೆನ್ನಾಗಿದೆ, ಸ್ಕ್ಯಾನು ಚೆನ್ನಾಗಿದೆ. ಬೈಂಡಿಂಗು ನೀವು ಮೊದಲೇ ಹೇಳಿದರೆ ಚೆನ್ನಾಗಿ ಬರುತ್ತದೆ. ಅಕ್ಷರ ಗುರುತಿಸುವಿಕೆ ಮತ್ತು ವಿಷಯಸೂಚಿಗೆ ಅವರು ಕೇಳುವ ದರ ಕೊಡುವಂತಿಲ್ಲ.

ಈ ತೀರ್ಮಾನಕ್ಕೆ ನಾವು ಇಟ್ಟುಕೊಂಡ ಅಳತೆಗೋಲು ಒಂದೇ. ಊರ ವಾರಪತ್ರಿಕೆಯ ಚರಿತ್ರೆ ಇರುವುದು ಅದರ ತಲೆಬರಹಗಳಲ್ಲಿ ಅಲ್ಲ. ದೊಡ್ಡ ಸುದ್ದಿಯನ್ನು ಹುಬ್ಬಳ್ಳಿ, ಬೆಂಗಳೂರಿನ ದಿನಪತ್ರಿಕೆಗಳೂ ಬರೆದಿರುತ್ತವೆ. ಅಡಿಕೆ ಧಾರಣೆ, ಡೇರೆ ಮೇಳದ (ಡೇರೆ ಹಾಕಿ ಟಿಕೇಟಿಟ್ಟು ಆಟ ಆಡುವ ಯಕ್ಷಗಾನ ತಂಡದ) ಜಾಹೀರಾತು, ನಿಧನ ವಾರ್ತೆ, ಸೊಸಾಯಿಟಿಯ ವಾರ್ಷಿಕ ಸಭೆಯ ನೋಟೀಸು, ಶಾಲೆಯ ಫಲಿತಾಂಶ, ಕೊನೆಯ ಪುಟದ ಅಡಿಯಲ್ಲಿ ಮುದ್ರಕರ ಸಾಲು, ಇವು ಬೇರೆಲ್ಲೂ ಸಿಗುವುದಿಲ್ಲ. ಹಾಗಾಗಿ ಸ್ಕ್ಯಾನ್ ಸೇವೆಯನ್ನು ಅಳೆಯಬೇಕಾದದ್ದು ಪುಟ ಎಷ್ಟು ಬೆಳ್ಳಗೆ ಬಂತು ಎಂದಲ್ಲ, ಸಣ್ಣ ಅಕ್ಷರವೂ ಅಂಚೂ ಎಷ್ಟು ಉಳಿದವು ಎಂದು.

ಒಪ್ಪಿಸುವಾಗ

ಫೈಲು ಕೊಟ್ಟ ದಿನವೇ ಅಂಗಡಿಯವರು ದೊಡ್ಡ ಮೇಜಿನ ಮೇಲೆ ಸಂಚಿಕೆಗಳನ್ನು ದಿನಾಂಕದ ಪ್ರಕಾರ ಹರಡಿ, ರಿಜಿಸ್ಟರಿನಲ್ಲಿ ಒಂದೊಂದನ್ನೂ ಬರೆದುಕೊಳ್ಳುತ್ತಾರೆ: ದಿನಾಂಕ, ಸಂಪುಟ, ಸಂಚಿಕೆ, ಪುಟಗಳ ಸಂಖ್ಯೆ, ಇಲ್ಲದ ಪುಟ, ಹರಿದ ಜಾಗ. ಅದರ ನಕಲಿಗೆ ಸಹಿ ಹಾಕಿ ನಿಮಗೂ ಒಂದು ಕೊಡುತ್ತಾರೆ. ಈ ಸೇವೆಯಲ್ಲಿ ನಮಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಇದೇ. ಮುಂದೆ ಒಂದು ಪುಟ ಕಳೆದರೆ ಕಳೆದದ್ದು ಎಲ್ಲಿ ಎಂದು ಹೇಳಲು ಬೇರೆ ದಾರಿಯಿಲ್ಲ.

ಸಂಚಿಕೆಯ ಸಂಖ್ಯೆಯನ್ನು ನಂಬಿ ಹೋಗಬೇಡಿ. ದೀಪಾವಳಿಗೆ ಎರಡು ವಾರದ್ದನ್ನು ಸೇರಿಸಿ ಒಂದೇ ಸಂಚಿಕೆ ತಂದು ‘23-24’ ಎಂದು ಹಾಕಿರುತ್ತಾರೆ. ಕಾಗದ ಸಿಗದ ವಾರ ಪತ್ರಿಕೆಯೇ ಬಂದಿರುವುದಿಲ್ಲ, ಸಂಖ್ಯೆ ಮಾತ್ರ ಮುಂದಕ್ಕೆ ಹೋಗಿರುತ್ತದೆ. ಹೋದ ವಾರದ ತಲೆಪಟ್ಟಿಯ ಮೊಳೆಯನ್ನು ಬದಲಿಸಲು ಮರೆತು ಎರಡು ವಾರ ಒಂದೇ ಸಂಖ್ಯೆ ಅಚ್ಚಾದದ್ದೂ ಉಂಟು. ಹೀಗಾಗಿ ಕಂಪ್ಯೂಟರಿನ ಕಡತಕ್ಕೆ ವರ್ಷ-ತಿಂಗಳು-ದಿನ-ಪುಟ ಎಂಬ ಕ್ರಮದಲ್ಲಿ ಹೆಸರಿಡಬೇಕು, ಉದಾಹರಣೆಗೆ 1983-09-17-ಪು03. ಸಂಪುಟ, ಸಂಚಿಕೆಗಳು ಪಟ್ಟಿಯ ಬೇರೆ ಕಲಮಿನಲ್ಲಿ (ಕಾಲಮ್ಮಿನಲ್ಲಿ) ಇರಲಿ. ಅಂಗಡಿಯವರು ತಾವಾಗಿ ಹೆಸರಿಟ್ಟರೆ ಸಂಪುಟ-ಸಂಚಿಕೆಯ ಪ್ರಕಾರ ಇಡುತ್ತಾರೆ. ಕೇಳಿದರೆ ಬದಲಿಸುತ್ತಾರೆ, ಆದರೆ ಸ್ಕ್ಯಾನ್ ಶುರುವಾಗುವ ಮೊದಲೇ ಕೇಳಬೇಕು.

ಕೊಡುವ ಮೊದಲು ಮನೆಯಲ್ಲೇ ಮಾಡಬಹುದಾದದ್ದು ಒಂದಿದೆ. ಪ್ರತಿ ವರ್ಷದ ಮಾರ್ಚ್ ತಿಂಗಳ ಮೊದಲ ಸಂಚಿಕೆಯನ್ನು ಹುಡುಕಿ ಗುರುತಿಟ್ಟುಕೊಳ್ಳಿ. ಪತ್ರಿಕೆಗಳ ನೋಂದಣಿಯ 1956ರ ನಿಯಮಗಳ ಪ್ರಕಾರ ಫೆಬ್ರವರಿಯ ಕೊನೆಯ ದಿನದ ನಂತರ ಬರುವ ಮೊದಲ ಸಂಚಿಕೆಯಲ್ಲಿ ‘ನಮೂನೆ 4’ ಅಚ್ಚಾಗಲೇಬೇಕಿತ್ತು: ಪ್ರಕಟಣೆಯ ಸ್ಥಳ, ಅವಧಿ, ಮುದ್ರಕರು, ಪ್ರಕಾಶಕರು, ಸಂಪಾದಕರು, ಬಂಡವಾಳದ ಪಾಲುದಾರರು. ಸಣ್ಣ ಪತ್ರಿಕೆಯ ಚರಿತ್ರೆ ಬರೆಯುವವರಿಗೆ ಇದಕ್ಕಿಂತ ಗಟ್ಟಿ ಆಧಾರ ಇಲ್ಲ. ಪ್ರೆಸ್ಸು ಯಾವ ವರ್ಷ ಕೈ ಬದಲಾಯಿತು, ಸಂಪಾದಕರ ಜಾಗಕ್ಕೆ ಮಗನ ಹೆಸರು ಯಾವಾಗ ಬಂತು ಎಂಬುದೆಲ್ಲ ಈ ನಮೂನೆಗಳನ್ನು ಸಾಲಾಗಿ ಇಟ್ಟರೆ ತಾನೇ ಕಾಣುತ್ತದೆ. ಮಾರ್ಚ್ ಸಂಚಿಕೆ ಫೈಲಿನಲ್ಲಿ ಇಲ್ಲದಿದ್ದರೆ ಹಳೆಯ ಚಂದಾದಾರರ ಮನೆಗಳಲ್ಲಿ ವಿಚಾರಿಸಿ. ಉಳಿದ ಸಂಚಿಕೆ ಬಿಟ್ಟರೂ ಇದನ್ನು ಬಿಡಬಾರದು. 1867ರ ಹಳೆಯ ಪತ್ರಿಕಾ ಕಾಯ್ದೆಯ ಜಾಗಕ್ಕೆ 2024ರ ಮಾರ್ಚ್ 1ರಿಂದ ಹೊಸ ಕಾಯ್ದೆ ಬಂದಿದೆ, ಆದರೆ ಹಳೆಯ ಫೈಲುಗಳನ್ನು ಓದಲು ಹಳೆಯ ನಿಯಮವೇ ಕೈದೀಪ.

ಬಿಚ್ಚುವುದು, ಹಚ್ಚುವುದು

ಸುದ್ದಿಕಾಗದ ಬಾಳಿಕೆಗೆ ಮಾಡಿದ್ದಲ್ಲ. ಮರವನ್ನು ಅರೆದು ಮಾಡಿದ ತಿರುಳಿನಲ್ಲಿ ಲಿಗ್ನಿನ್ ಎಂಬ ಮರದ ಅಂಶ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದರೆ ಅದು ಕಂದಿ, ಆಮ್ಲವಾಗಿ, ಕಾಗದವನ್ನು ಪುಡಿಯಾಗಿಸುತ್ತದೆ. ಒಳಗಿನ ಪುಟಕ್ಕಿಂತ ಅಂಚು ಮೊದಲು ಮುರಿಯುವುದು ಇದರಿಂದಲೇ. ಕಾರವಾರ, ಅಂಕೋಲೆ ಕಡೆಯ ಫೈಲುಗಳಿಗೆ ಇನ್ನೊಂದು ಕಾಟ: ಪಿನ್ನುಗಳು ಕರಾವಳಿಯ ಗಾಳಿಗೆ ತುಕ್ಕು ಹಿಡಿದು, ಮಡಿಕೆಯ ಜಾಗದಲ್ಲಿ ಕಾಗದವನ್ನೇ ತಿಂದಿರುತ್ತವೆ. ಗಟ್ಟದ ಮೇಲಿನ ಫೈಲುಗಳಿಗೆ ಒರಲೆ ಮತ್ತು ಬೂಷ್ಟು.

ಅಂಗಡಿಯವರು ತುಕ್ಕು ಪಿನ್ನನ್ನು ಎಳೆಯುವುದಿಲ್ಲ. ಹಿಂಬದಿಯ ಎರಡು ಕಾಲುಗಳನ್ನು ಚಪ್ಪಟೆ ಸ್ಪಾಟುಲಾದಿಂದ ನೆಟ್ಟಗೆ ಮಾಡಿ, ಕಾಗದದ ಕಡೆಗೆ ತೆಳು ಪ್ಲಾಸ್ಟಿಕ್ ಹಾಳೆ ತೂರಿಸಿ, ಆಮೇಲೆ ಮುಂಬದಿಯಿಂದ ಎತ್ತುತ್ತಾರೆ. ನಿಧಾನದ ಕೆಲಸ, ಅದಕ್ಕೆ ಕೊಡುವ ದುಡ್ಡು ಸಾರ್ಥಕ. ಬೆನ್ನನ್ನು ಕಟಿಂಗ್ ಮಶೀನಿಗೆ ಕೊಟ್ಟು ಕತ್ತರಿಸುವುದಕ್ಕೆ ಅವರು ಒಪ್ಪುವುದೇ ಇಲ್ಲ. ಬೇರೆ ಕಡೆ ಇದನ್ನೇ ಮೊದಲು ಮಾಡುತ್ತಾರೆ, ಏಕೆಂದರೆ ಬಿಡಿ ಹಾಳೆಯಾದರೆ ಸ್ಕ್ಯಾನರಿಗೆ ಸರಸರ ಹಾಕಬಹುದು. ಹಳೆಯ ಬೈಂಡರುಗಳು ಬದಿಯಿಂದ ಚುಚ್ಚಿ ಹೊಲಿದಿರುತ್ತಾರೆ. ಆ ಹೊಲಿಗೆ ಒಳಅಂಚಿನಲ್ಲಿ ಅರ್ಧ ಇಂಚು, ಕೆಲವೊಮ್ಮೆ ಮುಕ್ಕಾಲು ಇಂಚು ನುಂಗಿರುತ್ತದೆ. ಬೆನ್ನು ಕತ್ತರಿಸಿದರೆ ಮೊದಲ ಕಲಮಿನ ಆರಂಭದ ಅಕ್ಷರಗಳೇ ಹೋಗುತ್ತವೆ. ದಾರ ಬಿಚ್ಚಿದರೆ ಪೂರ್ತಿ ಹಾಳೆ ಸಿಗುತ್ತದೆ.

ಹರಿದ ಜಾಗಕ್ಕೆ ತೆಳುವಾದ ಜಪಾನಿ ಟಿಶ್ಯೂ, ಗೋಧಿ ಪಿಷ್ಟದ ಅಂಟು. ಟಿಶ್ಯೂವನ್ನು ಕತ್ತರಿಯಿಂದ ಕತ್ತರಿಸದೆ, ನೀರಿನ ಗೆರೆ ಎಳೆದು ಕೈಯಿಂದ ಹರಿಯುತ್ತಾರೆ. ನಾರು ಬಿಚ್ಚಿಕೊಂಡ ಅಂಚು ಹಳೆಯ ಕಾಗದದಲ್ಲಿ ಬೆರೆಯುತ್ತದೆ, ಗೆರೆಯಾಗಿ ನಿಲ್ಲುವುದಿಲ್ಲ. ಬೈಂಡಿಂಗಿನಲ್ಲಿ ರೂಢಿಯಾದ ಮೈದಾ ಅಂಟನ್ನು ಪತ್ರಿಕೆಗೆ ಬಳಸಬೇಡಿ ಎಂದು ಸ್ಪಷ್ಟವಾಗಿ ಹೇಳಿ. ಹುಳ ಬಾರದಿರಲೆಂದು ಆ ಅಂಟಿಗೆ ಮೈಲುತುತ್ತ ಹಾಕುತ್ತಾರೆ, ತೋಟಕ್ಕೆ ಬೋರ್ಡೋ ದ್ರಾವಣ ಮಾಡುವ ಅದೇ ಮೈಲುತುತ್ತ. ಅದರ ತಾಮ್ರದ ಅಂಶ ವರ್ಷಗಳು ಕಳೆದಂತೆ ಕಾಗದವನ್ನು ಇನ್ನಷ್ಟು ಬೇಗ ಕಂದಿಸುತ್ತದೆ. ಸೆಲ್ಲೋಟೇಪ್ ಅಂಟಿಸಿದ ಫೈಲು ತಂದವರಿಗೆ ಅಂಗಡಿಯವರು ಟೇಪು ಕೀಳುವ ಭರವಸೆ ಕೊಡುವುದಿಲ್ಲ, ಅದು ಸರಿಯೇ. ಒಣಗಿದ ಟೇಪು ತಾನಾಗಿ ಬೀಳುತ್ತದೆ, ಅಂಟಿನ ಕಂದು ಕಲೆ ಉಳಿಯುತ್ತದೆ, ಆ ಕಲೆಯ ಸಮೇತ ಸ್ಕ್ಯಾನ್ ಮಾಡುವುದೇ ದಾರಿ. ಲ್ಯಾಮಿನೇಷನ್ನಿನ ಮಾತು ಬಂದರೆ ಬೇಡವೆಂದು ಬಿಡಿ. ಶಾಖ ಕೊಟ್ಟು ಅಂಟಿಸಿದ ಪ್ಲಾಸ್ಟಿಕ್ಕನ್ನು ಮುಂದೆ ಬಿಡಿಸಲು ಆಗುವುದಿಲ್ಲ, ಒಳಗಿನ ಆಮ್ಲ ಒಳಗೇ ಕೆಲಸ ಮಾಡುತ್ತಿರುತ್ತದೆ.

ಕ್ಯಾಮೆರಾದ ಕೆಳಗೆ

ಇಲ್ಲಿ ಬಳಸುವುದು ಮೇಲಿನಿಂದ ನೋಡುವ 24 ಮೆಗಾಪಿಕ್ಸೆಲ್ ಕ್ಯಾಮೆರಾ, ಎರಡೂ ಬದಿಯಿಂದ 45 ಡಿಗ್ರಿ ಕೋನದಲ್ಲಿ ದೀಪ, ಪುಟ ಸಮತಟ್ಟಾಗಲು ಮೇಲೊಂದು ಗಾಜು. ಇದು ಸಾಕೇ ಎಂಬುದಕ್ಕೆ ಲೆಕ್ಕ ಸುಲಭ. 24 ಮೆಗಾಪಿಕ್ಸೆಲ್ ಎಂದರೆ 6000 × 4000 ಚುಕ್ಕಿ. ಟ್ಯಾಬ್ಲಾಯ್ಡ್ ಪುಟ ಸುಮಾರು 11 × 17 ಇಂಚು. ಒಂದೇ ಪುಟ ಚೌಕಟ್ಟು ತುಂಬಿದರೆ ಇಂಚಿಗೆ 350 ಚುಕ್ಕಿ ಬರುತ್ತದೆ, ಸುತ್ತ ಜಾಗ ಬಿಟ್ಟರೂ 300ಕ್ಕೆ ಮೋಸವಿಲ್ಲ. ಬಿಡಿಸಿದ ಎರಡು ಪುಟಗಳನ್ನು ಒಟ್ಟಿಗೆ ತೆಗೆದರೆ 235ಕ್ಕೆ ಇಳಿಯುತ್ತದೆ, ಒತ್ತಕ್ಷರಗಳು ಕರಗಿಹೋಗುತ್ತವೆ. ಡಬಲ್ ಕ್ರೌನ್ (20 × 30 ಇಂಚು) ಹಾಳೆಯನ್ನು ಒಮ್ಮೆ ಮಡಿಸಿ ಮಾಡಿದ 15 × 20 ಇಂಚಿನ ಹಳೆಯ ದೊಡ್ಡ ಪುಟಕ್ಕೆ ಈ ಕ್ಯಾಮೆರಾ ಒಂದೇ ಬಾರಿಗೆ ಸಾಲದು, ಇಂಚಿಗೆ 266 ಅಷ್ಟೇ. ಅಂಥ ಪುಟವನ್ನು ಮೇಲರ್ಧ, ಕೆಳಗರ್ಧ ಎಂದು ಎರಡು ಬಾರಿ ತೆಗೆದು ಜೋಡಿಸಬೇಕು. ಅಂಗಡಿಯವರು ಇದಕ್ಕೆ ಎರಡು ಪುಟದ ದರ ಹಾಕುತ್ತಾರೆ, ನ್ಯಾಯವೇ.

ಪರೀಕ್ಷೆ ಮಾಡುವ ವಿಧಾನ: ಪ್ರತಿ ದಿನದ ಮೊದಲ ಚಿತ್ರದಲ್ಲಿ ಪುಟದ ಪಕ್ಕ ಒಂದು ಸ್ಕೇಲು ಇಡಿಸಿ. ಕಂಪ್ಯೂಟರಿನಲ್ಲಿ ಆ ಒಂದು ಇಂಚನ್ನು ಅಳೆದರೆ 300 ಚುಕ್ಕಿ ಇರಬೇಕು. ಕಡತದ ಮಾಹಿತಿಯಲ್ಲಿ ‘300 ಡಿಪಿಐ’ (ಇಂಚಿಗೆ 300 ಚುಕ್ಕಿ) ಎಂದು ಬರೆದಿದೆ ಎಂಬುದು ಏನನ್ನೂ ಹೇಳುವುದಿಲ್ಲ, ಆ ಸಂಖ್ಯೆಯನ್ನು ಯಾರು ಬೇಕಾದರೂ ತುಂಬಬಹುದು.

ಹಿಂಬದಿಯ ಅಕ್ಷರ ಮುಂದೆ ಕಾಣುವುದು ತೆಳು ಸುದ್ದಿಕಾಗದದ ದೊಡ್ಡ ತೊಂದರೆ. ಪುಟದ ಹಿಂದೆ ಬಿಳಿ ಹಾಳೆಯ ಬದಲು ಕಪ್ಪು ಹಾಳೆ ಇಟ್ಟರೆ ಇದು ಬಹಳ ಮಟ್ಟಿಗೆ ತಗ್ಗುತ್ತದೆ. ಇಲ್ಲಿ ಕೇಳದೆಯೇ ಕಪ್ಪು ಹಾಳೆ ಇಡುತ್ತಾರೆ.

ತೊಂದರೆ ಬರುವುದು ಆಮೇಲಿನ ‘ಸ್ವಚ್ಛಗೊಳಿಸುವಿಕೆ’ಯಲ್ಲಿ. ಪುಟವನ್ನು ಅಪ್ಪಟ ಕಪ್ಪು-ಬಿಳುಪು ಮಾಡಿ, ಅಂಚು ಕತ್ತರಿಸಿ, ಹೊಸದರಂತೆ ಮಾಡಿಕೊಡುವುದು ಅಂಗಡಿಯ ಹೆಮ್ಮೆ. ಗಿರಾಕಿಗಳಿಗೂ ಅದು ಇಷ್ಟ. ಆದರೆ ಹಾಗೆ ಮಾಡಿದಾಗ ಹೋಗುವುದೇನು ಎಂದು ಮೊಳೆಯ ಕಾಲದ ಒಂದು ಅಡಿಕೆ ಧಾರಣೆಯ ಚೌಕವನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ ಎಂದು ಎಡಗಡೆ ಅಡಿಕೆಯ ಬಗೆಗಳ ಸಾಲು, ಬಲಗಡೆ ಕನಿಷ್ಠ, ಗರಿಷ್ಠ ದರ. ಸುತ್ತಲೂ ಹಿತ್ತಾಳೆ ಪಟ್ಟಿಯ (ರೂಲಿನ) ಗೆರೆ, ಮೂಲೆಗಳಲ್ಲಿ ಕೂದಲೆಳೆಯಷ್ಟು ಸಂದು. ರೂಲು ಹೊಸದು, ಎತ್ತರವಾಗಿದೆ, ಅದರ ಮಸಿ ದಟ್ಟವಾಗಿ ಬಿದ್ದಿದೆ. ಅಂಕಿಯ ಮೊಳೆಗಳು ವಾರವಾರವೂ ಸವೆದದ್ದು, ತಲೆ ತಗ್ಗಿದೆ, ಮಸಿ ಅರ್ಧ ಮಾತ್ರ ತಾಗಿದೆ. ೬ರ ಕೊಂಡಿ ಮಾಸಿ ೯ರಂತೆ ಕಾಣುತ್ತದೆ. ಬೂದು ಬಣ್ಣದ ಸ್ಕ್ಯಾನಿನಲ್ಲಿ ಹಿಗ್ಗಿಸಿ ನೋಡಿದರೆ ಕಾಗದಕ್ಕೆ ಬಿದ್ದ ಒತ್ತಿನ ಗುರುತಿನಿಂದ ಅದು ೬ ಎಂದು ಹೇಳಬಹುದು. ಕಪ್ಪು-ಬಿಳುಪಿಗೆ ತಿರುಗಿಸಿದ ಕ್ಷಣ ರೂಲು ಉಳಿಯುತ್ತದೆ, ಅಂಕಿ ಚುಕ್ಕಿಗಳಾಗಿ ಒಡೆಯುತ್ತದೆ, ಸಾಫ್ಟ್‌ವೇರು ಆ ಚುಕ್ಕಿಗಳನ್ನು ಕಸವೆಂದು ಗುಡಿಸಿಬಿಡುತ್ತದೆ. ಸುಂದರವಾದ ಖಾಲಿ ಚೌಕ ಸಿಗುತ್ತದೆ.

ಅಂಚಿನ ಕಥೆಯೂ ಅದೇ. ಕಚೇರಿ ಪ್ರತಿಗಳ ಅಂಚಿನಲ್ಲಿ ಸಂಪಾದಕರ ಕೆಂಪು ಶಾಯಿಯ ತಿದ್ದುಪಡಿ, ಜಾಹೀರಾತಿನ ದುಡ್ಡು ಬಂತೋ ಇಲ್ಲವೋ ಎಂಬ ಗುರುತು, ಚಂದಾದಾರರ ಪ್ರತಿಯಾದರೆ ಅಂಚೆಯ ಮುದ್ರೆ ಇರುತ್ತವೆ. ನೋಂದಾಯಿತ ಪತ್ರಿಕೆಗೆ ಅಂಚೆಯಲ್ಲಿ ರಿಯಾಯಿತಿ ಇತ್ತು, 50 ಗ್ರಾಂ ಒಳಗಿನ ಪ್ರತಿಗೆ 25 ಪೈಸೆ ಎಂಬ ದರ ಬಹುಕಾಲ ನಡೆಯಿತು. ಪತ್ರಿಕೆ ಹೇಗೆ ಬದುಕಿತು ಎಂಬುದಕ್ಕೆ ಈ ಮುದ್ರೆ, ಗುರುತುಗಳೇ ಸಾಕ್ಷಿ. ಆದ್ದರಿಂದ ನಾಲ್ಕೂ ಕಡೆ ಕಾಗದದ ತುದಿ ಕಾಣುವಂತೆ, ಬಣ್ಣದಲ್ಲಿ ಅಥವಾ ಕನಿಷ್ಠ ಬೂದು ಬಣ್ಣದಲ್ಲಿ, ಏನೂ ತಿದ್ದದ ಟಿಫ್ (ಚಿತ್ರದ ಅಂಶ ಕಳೆಯದಂತೆ ಇಡುವ ಬಗೆಯ) ಕಡತ ಬೇಕೆಂದು ಬರೆದು ಕೊಡಿ. ಸ್ವಚ್ಛ ಮಾಡಿದ ಪಿಡಿಎಫ್ ಓದಲಿಕ್ಕೆ ಬೇರೆ ಇರಲಿ.

ಜಾಗದ ಚಿಂತೆ ಬೇಡ. ಎಂಟು ಪುಟದ ಪತ್ರಿಕೆ ವರ್ಷಕ್ಕೆ 50 ಸಂಚಿಕೆ ಎಂದರೆ 400 ಪುಟ, 40 ವರ್ಷಕ್ಕೆ 16,000 ಪುಟ. ಇಂಚಿಗೆ 300 ಚುಕ್ಕಿಯ ಬೂದು ಬಣ್ಣದ ಒಂದು ಟ್ಯಾಬ್ಲಾಯ್ಡ್ ಪುಟ ಸುಮಾರು 17 ಎಂಬಿ, ಒಟ್ಟು 272 ಜಿಬಿ. ಬಣ್ಣದಲ್ಲಾದರೆ ಮೂರು ಪಟ್ಟು, 816 ಜಿಬಿ. ಎರಡು ಟಿಬಿಯ ಒಂದು ಡಿಸ್ಕಿನಲ್ಲಿ ಪೂರ್ತಿ ಪತ್ರಿಕೆ ಆರಾಮವಾಗಿ ಕೂರುತ್ತದೆ. ಅಂಗಡಿಯವರು ಒಂದೇ ಡಿಸ್ಕ್ ಕೊಡುತ್ತಾರೆ. ನೀವು ಇನ್ನೊಂದು ಕೊಂಡು ನಕಲು ಮಾಡಿ, ಬೇರೆ ಊರಿನ ಮನೆಯಲ್ಲಿ ಇಡಿ.

ಹುಡುಕುವ ಸೌಲಭ್ಯ: ಅರ್ಧ ದುಡ್ಡಿನ ಕೆಲಸ

ಅಂಗಡಿಯ ದರಪಟ್ಟಿಯಲ್ಲಿ ‘ಪೂರ್ಣ ಕನ್ನಡ ಹುಡುಕಾಟ’ ಎಂದಿದೆ. ಹಾಗೆ ಬರೆಯಬಾರದಿತ್ತು. ಟೆಸರಾಕ್ಟ್‌ನಂಥ ಉಚಿತ ತಂತ್ರಾಂಶಕ್ಕೂ ಕನ್ನಡ ಬರುತ್ತದೆ, ಗೂಗಲ್‌ನದಕ್ಕೂ ಬರುತ್ತದೆ. ಆದರೆ ಅವು ಸಲೀಸಾಗಿ ಓದುವುದು ಈಗಿನ ಕಂಪ್ಯೂಟರ್ ಅಚ್ಚನ್ನು. ಮೊಳೆಯ ಕಾಲದಲ್ಲಿ ಒತ್ತಕ್ಷರ ಬೇರೆ ತುಂಡು, ಸಾಲಿನ ಕೆಳಗೆ ಕೂರಿಸಿದ್ದು. ಅದು ಸ್ವಲ್ಪ ಜಾರಿದರೆ ತಂತ್ರಾಂಶ ಅದನ್ನು ಕೆಳಗಿನ ಸಾಲಿಗೆ ಸೇರಿಸುತ್ತದೆ. ಸೊನ್ನೆಯ ಅಂಕಿಗೂ ಅನುಸ್ವಾರಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಕೇಸಿನಲ್ಲಿ (ಮೊಳೆ ಇಡುವ ಖಾನೆಗಳ ಪೆಟ್ಟಿಗೆಯಲ್ಲಿ) ಮೊಳೆ ಮುಗಿದಾಗ ಜೋಡಿಸುವವರು ಬೇರೆ ಅಳತೆಯ ಮೊಳೆ ಹಾಕಿರುತ್ತಾರೆ, ಅಲ್ಲಿಯೂ ತಪ್ಪುತ್ತದೆ. ಹಲವು ಕಲಮುಗಳ ಪುಟದಲ್ಲಿ ಕಲಮು ದಾಟಿ ಓದಿ, ನಿಧನ ವಾರ್ತೆಯ ಅರ್ಧಕ್ಕೆ ಬೀಜದಂಗಡಿಯ ಜಾಹೀರಾತನ್ನು ಅಂಟಿಸುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ದಿನಾಂಕ ಗೊತ್ತಿರುವ ಜಿಲ್ಲೆಯ ಘಟನೆಗಳನ್ನು ಹಿಡಿದು ಹುಡುಕಿ ನೋಡಿ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಹತ್ತಿರದ ಕಾಡಿನಲ್ಲಿ ಜನ ಮರಗಳನ್ನು ಅಪ್ಪಿಕೊಂಡು ಕಡಿತ ನಿಲ್ಲಿಸಿದರು, ಅದೇ ಅಪ್ಪಿಕೋ ಚಳವಳಿ. ಮುಂದಿನ ಎರಡು ಮೂರು ಸಂಚಿಕೆಗಳಲ್ಲಿ ‘ಅಪ್ಪಿಕೋ’, ‘ಅಪ್ಪಿಕೊ’, ‘ಸಾಲ್ಕಣಿ’ ಮೂರನ್ನೂ ಹುಡುಕಿ. 1994ರ ಮೇ 13ರಂದು ಕೈಗಾ ಅಣುವಿದ್ಯುತ್ ಸ್ಥಾವರದ ನಿರ್ಮಾಣ ಹಂತದ ಗುಮ್ಮಟದ ಒಳಪದರ ಕುಸಿಯಿತು, ಅದನ್ನು ಹುಡುಕಿ. 1998ರ ಜನವರಿ 26ರಂದು ಕೊಂಕಣ ರೈಲು ಪೂರ್ತಿ ಮಾರ್ಗದಲ್ಲಿ ಉದ್ಘಾಟನೆಯಾಯಿತು, ಅದನ್ನೂ ನೋಡಿ. ಕಣ್ಣಿಗೆ ಕಾಣುವ ಸುದ್ದಿ ಹುಡುಕಾಟದಲ್ಲಿ ಸಿಗದಿದ್ದರೆ ಆ ಅವಧಿಯ ಕೆಲಸಕ್ಕೆ ಪೂರ್ತಿ ದರ ಕೊಡಬೇಕಾಗಿಲ್ಲ. ಈ ಅಂಗಡಿಯ ಕೆಲಸದಲ್ಲಿ ಕಂಪ್ಯೂಟರ್ ಅಚ್ಚಿನ ವರ್ಷಗಳು ಚೆನ್ನಾಗಿಯೇ ಸಿಗುತ್ತವೆ, ಮೊಳೆಯ ವರ್ಷಗಳು ನಂಬುವಂತಿಲ್ಲ.

ಮೊಳೆಯ ವರ್ಷಗಳಿಗೆ ತಂತ್ರಾಂಶಕ್ಕಿಂತ ಕೈಯಿಂದ ಮಾಡಿದ ಪಟ್ಟಿಯೇ ಲೇಸು. ಪ್ರತಿ ಸಂಚಿಕೆಗೂ ಹತ್ತು ಹದಿನೈದು ಸಾಲು ಸಾಕು: ಮುಖ್ಯ ಸುದ್ದಿ, ಊರ ಹೆಸರು, ನಿಧನರಾದವರು, ಸಭೆ-ಸಮಾರಂಭ, ಜಾಹೀರಾತುದಾರರು, ಮೇಳದ ಹೆಸರು ಮತ್ತು ಆಟ, ಧಾರಣೆ ಇದೆಯೋ ಇಲ್ಲವೋ. ಅಂಗಡಿಯವರು ಕೊಡುವ ಸೂಚಿಯಲ್ಲಿ ತಲೆಬರಹಗಳಷ್ಟೇ ಇವೆ, ಜಾಹೀರಾತು ಪೂರ್ತಿ ಬಿಟ್ಟಿದ್ದಾರೆ. ಯಕ್ಷಗಾನದ ಚರಿತ್ರೆ ಬರೆಯುವವರಿಗೆ ಆ ಜಾಹೀರಾತೇ ಬೇಕು, ಯಾವ ರಾತ್ರಿ ಯಾವ ಪ್ರಸಂಗ, ಯಾರ ಭಾಗವತಿಕೆ, ಟಿಕೇಟು ಎಷ್ಟು ಎಂಬುದೆಲ್ಲ ಅಲ್ಲೇ ಇರುವುದು. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಆ ಸಂಚಿಕೆಗಳಲ್ಲಿ ಜಾಹೀರಾತೇ ಅರ್ಧ ಪತ್ರಿಕೆ. ಪೇಟೆಯಲ್ಲಿ ಯಾವ ಅಂಗಡಿ ಯಾವಾಗ ಬಂತು, ಯಾವಾಗ ಮುಚ್ಚಿತು ಎಂದು ಅವುಗಳಿಂದ ಲೆಕ್ಕ ಹಾಕಬಹುದು.

ಪಟ್ಟಿ ಮಾಡುವವರು ಹಳೆಯ ಪತ್ರಿಕೆಯ ಕೆಲವು ರೀತಿ ತಿಳಿದಿರಬೇಕು. ಧಾರಣೆಯ ಚೌಕವನ್ನು ಪ್ರತಿ ವಾರ ಹೊಸದಾಗಿ ಜೋಡಿಸುತ್ತಿರಲಿಲ್ಲ. ಚೌಕಟ್ಟು ಹಾಗೆಯೇ ಕಟ್ಟಿಟ್ಟಿರುತ್ತಿತ್ತು, ಅಂಕಿ ಮಾತ್ರ ಬದಲಿಸುತ್ತಿದ್ದರು. ದರ ಬರುವುದು ತಡವಾದ ವಾರ ಹಳೆಯ ಅಂಕಿಯೇ ಅಚ್ಚಾಗುತ್ತಿತ್ತು. ಎರಡು ವಾರ ಒಂದೇ ದರ ಕಂಡರೆ ಮಾರುಕಟ್ಟೆ ಸ್ಥಿರವಾಗಿತ್ತು ಎಂದು ಬರೆಯಬೇಡಿ. ಮೊಳೆ ಕಡಿಮೆ ಇದ್ದ ಪ್ರೆಸ್ಸಿನಲ್ಲಿ ಒಳಪುಟಗಳನ್ನು ಮೊದಲು ಅಚ್ಚು ಹಾಕಿ, ಮೊಳೆ ಬಿಚ್ಚಿ ಕೇಸಿಗೆ ಹಂಚಿ, ಅದೇ ಮೊಳೆಯಿಂದ ಮುಖಪುಟ ಜೋಡಿಸುತ್ತಿದ್ದರು. ಹೀಗಾಗಿ ಮೂರನೇ ಪುಟದ ‘ನಿನ್ನೆ’ ಮತ್ತು ಮುಖಪುಟದ ‘ನಿನ್ನೆ’ ಬೇರೆ ಬೇರೆ ದಿನ. 1956ರ ನವೆಂಬರ್ 1ರವರೆಗೆ ಜಿಲ್ಲೆ ಮುಂಬಯಿಗೆ ಸೇರಿತ್ತು, ಸರಕಾರಿ ನೋಟೀಸು ಅಲ್ಲಿಯದು. 1957ರ ಏಪ್ರಿಲ್ 1ರಿಂದ ಆಣೆ ಹೋಗಿ ನಯಾ ಪೈಸೆ ಬಂತು, ಆಮೇಲೆ ಮಣ ಹೋಗಿ ಕ್ವಿಂಟಲ್ ಬಂತು. ದರವನ್ನು ಪತ್ರಿಕೆಯಲ್ಲಿ ಇದ್ದಂತೆಯೇ ಬರೆದುಕೊಳ್ಳಬೇಕು, ಪರಿವರ್ತನೆ ಬೇರೆ ಕಲಮಿನಲ್ಲಿ. 1974ರ ಮಾರ್ಚ್ 1ರ ಭೂಸುಧಾರಣೆಯ ನಂತರದ ಕೆಲವು ವರ್ಷಗಳಲ್ಲಿ ಫಾರಂ 7 (ಗೇಣಿದಾರರು ಭೂಮಿಯ ಹಕ್ಕಿಗೆ ಕೊಟ್ಟ ಅರ್ಜಿ), ಭೂನ್ಯಾಯ ಮಂಡಳಿ ಎಂಬ ಮಾತು ಬಂದಲ್ಲೆಲ್ಲ ಊರ ಹೆಸರನ್ನು ತಪ್ಪದೆ ಗುರುತಿಸಿ. ಗೇಣಿದಾರರ ಜಿಲ್ಲೆ ಇದು, ಮನೆಮನೆಯವರೂ ಅದನ್ನು ಹುಡುಕಿಕೊಂಡು ಬರುತ್ತಾರೆ. ತುರ್ತುಸ್ಥಿತಿಯ ಸಂಚಿಕೆಗಳಲ್ಲಿ ಖಾಲಿ ಬಿಟ್ಟ ಜಾಗ ಕಂಡರೆ ಅದನ್ನೂ ಒಂದು ನಮೂದಾಗಿ ಬರೆಯಿರಿ.

ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶದ ಕಾಲದ ಫೈಲು ನಿಮ್ಮಲ್ಲಿ ಸಿಡಿಯಲ್ಲಿದ್ದರೆ ಅದನ್ನೂ ಕೊಡಿ. ‘ಶ್ರೀಲಿಪಿ’, ಹಳೆಯ ‘ನುಡಿ’ ತಂತ್ರಾಂಶಗಳಲ್ಲಿ ಬೆರಳಚ್ಚಾದದ್ದು ಯೂನಿಕೋಡ್ ಅಲ್ಲ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಸರಿಯಾದ ಪರಿವರ್ತಕದಿಂದ ತಿರುಗಿಸಿದರೆ ಸ್ಕ್ಯಾನಿಗಿಂತ ಶುದ್ಧವಾದ ಪಠ್ಯ ಸಿಗುತ್ತದೆ. ಈ ಕೆಲಸವನ್ನು ಅಂಗಡಿಯವರು ಚೆನ್ನಾಗಿ ಮಾಡುತ್ತಾರೆ, ದರವೂ ಹೆಚ್ಚಲ್ಲ. ಆದರೂ ಅಚ್ಚಾದ ಪ್ರತಿಯ ಸ್ಕ್ಯಾನ್ ಬಿಡಬೇಡಿ, ಕೊನೆಯ ಗಳಿಗೆಯ ತಿದ್ದುಪಡಿ ಕಂಪ್ಯೂಟರಿನ ಕಡತದಲ್ಲಿ ಇರುವುದಿಲ್ಲ.

ಮತ್ತೆ ಹೊಲಿಯುವುದು

ಎಂಟು ಪುಟದ ಟ್ಯಾಬ್ಲಾಯ್ಡ್ ಸಂಚಿಕೆ ಎಂದರೆ ಒಂದರೊಳಗೊಂದು ಮಡಿಸಿದ ಎರಡು ಹಾಳೆ. ಪ್ರತಿ ಸಂಚಿಕೆಯೂ ತಾನೇ ಒಂದು ಫರ್ಮಾ (ಒಟ್ಟಿಗೆ ಮಡಿಸಿ ಹೊಲಿಯುವ ಕಟ್ಟು). ಮಡಿಕೆಯ ಮೂಲಕ ಹೊಲಿದರೆ ಪುಸ್ತಕ ಪೂರ್ತಿ ತೆರೆಯುತ್ತದೆ, ಒಳಅಂಚು ಕಾಣುತ್ತದೆ. ಅಂಗಡಿಯವರು ಸುಮ್ಮನೆ ಬಿಟ್ಟರೆ ಬದಿಯಿಂದ ಚುಚ್ಚಿ ಹೊಲಿಯುತ್ತಾರೆ, ಅದು ಬೇಗ ಮುಗಿಯುವ ಕೆಲಸ. ಮಡಿಕೆ ಹರಿದಿದ್ದರೆ ಟಿಶ್ಯೂ ಪಟ್ಟಿ ಹಚ್ಚಿ ಅದರ ಮೂಲಕ ಹೊಲಿಯಬೇಕೆಂದು ಹೇಳಿ. ಒಂದು ವರ್ಷಕ್ಕೆ ಒಂದು ಸಂಪುಟ ಸಾಕು, 200 ಎಲೆ, ದಪ್ಪ ಒಂದೂವರೆ ಸೆಂಟಿಮೀಟರಿನ ಆಸುಪಾಸು. ಮೂರು ವರ್ಷ ಒಟ್ಟಿಗೆ ಕಟ್ಟಿದರೆ ತೂಕಕ್ಕೆ ಬೆನ್ನು ಹರಿಯುತ್ತದೆ. ನಿಲ್ಲಿಸಿ ಇಡಬೇಡಿ, ಮಲಗಿಸಿ ಇಡಿ, ಒಂದರ ಮೇಲೆ ಮೂರಕ್ಕಿಂತ ಹೆಚ್ಚು ಬೇಡ. ಮುಟ್ಟಿದರೆ ಪುಡಿಯಾಗುವ ಕಾಗದವನ್ನು ಹೊಲಿಸುವುದೇ ಬೇಡ, ಆಮ್ಲವಿಲ್ಲದ ಹಾಳೆಯ ನಡುವೆ ಪೆಟ್ಟಿಗೆಯಲ್ಲಿಡಿ.

ದುಡ್ಡು, ಹಕ್ಕು, ಕಾಲ

ಕೊಟೇಶನ್ ಒಂದೇ ಮೊತ್ತದಲ್ಲಿ ಬರುತ್ತದೆ. ದುರಸ್ತಿ, ಸ್ಕ್ಯಾನ್, ಅಕ್ಷರ ಗುರುತಿಸುವಿಕೆ, ಬೈಂಡಿಂಗ್ ನಾಲ್ಕನ್ನೂ ಬೇರೆ ಬೇರೆ ಬಾಬಿನಲ್ಲಿ, ಪುಟದ ಲೆಕ್ಕದಲ್ಲಿ ಬರೆಸಿಕೊಳ್ಳಿ. ಹಾಗೆ ಬರೆಸಿದರೆ ಮೊಳೆಯ ಕಾಲದ ವರ್ಷಗಳಿಗೆ ಮೂರನೆಯ ಬಾಬನ್ನು ತೆಗೆದುಹಾಕಿ, ಆ ಹಣವನ್ನು ಪಟ್ಟಿ ಮಾಡುವ ಓದುಬಲ್ಲ ಹುಡುಗ-ಹುಡುಗಿಯರಿಗೆ ಕೊಡಬಹುದು. ಪೂರ್ತಿ ಫೈಲು ಒಪ್ಪಿಸುವ ಮೊದಲು ಒಂದು ವರ್ಷದ್ದನ್ನು ಮಾಡಿಸಿ ನೋಡುವುದಕ್ಕೆ ಅಂಗಡಿಯವರ ತಕರಾರಿಲ್ಲ.

ಸ್ಕ್ಯಾನ್ ಮಾಡಿಟ್ಟುಕೊಳ್ಳುವುದು ಬೇರೆ, ಜಾಲತಾಣದಲ್ಲಿ ಹಾಕುವುದು ಬೇರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹೆಸರಿಲ್ಲದ ಬರಹಕ್ಕೆ ಪ್ರಕಟಣೆಯ ನಂತರ 60 ವರ್ಷ, ಹೆಸರಿರುವ ಲೇಖಕರದ್ದಾದರೆ ಅವರು ತೀರಿಕೊಂಡ ನಂತರ 60 ವರ್ಷ ಹಕ್ಕು ಇರುತ್ತದೆ. ಪತ್ರಿಕೆಯ ಮಾಲೀಕರ ಮನೆಯವರಿಂದ ಬರೆಸಿಕೊಂಡ ಒಪ್ಪಿಗೆ ಮೊದಲು, ಕವಿತೆ, ಕಥೆ, ಅಂಕಣ ಬರೆದ ಹೊರಗಿನವರದ್ದು ಬೇರೆ.

ಫೈಲನ್ನು ಮಳೆಗಾಲದಲ್ಲಿ ಒಯ್ಯಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಅಲೆಯಾಗುತ್ತದೆ, ಗಾಜಿನ ಕೆಳಗೂ ಸಮತಟ್ಟಾಗುವುದಿಲ್ಲ, ಹಚ್ಚಿದ ಅಂಟು ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಜಾತ್ರೆಯ ವರ್ಷವಾದರೆ ಡಿಸೆಂಬರಿನಲ್ಲೇ ಕೊಡಿ, ಜನವರಿ ದಾಟಿದರೆ ಅಂಗಡಿಯವರು ಕರೆಯೋಲೆ, ಕರಪತ್ರಗಳ ಕೆಲಸಕ್ಕೆ ನಿಂತುಬಿಡುತ್ತಾರೆ, ಬಿಚ್ಚಿದ ಫೈಲು ಮೇಜಿನ ಕೆಳಗೆ ಕಾಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಯ್ಯುವುದಕ್ಕಿಂತ ಹತ್ತಿಬಟ್ಟೆಯಲ್ಲಿ ಸುತ್ತಿ, ಎರಡು ಗಟ್ಟಿ ರಟ್ಟಿನ ನಡುವೆ ಇಟ್ಟು, ಮಲಗಿಸಿಕೊಂಡು ಒಯ್ಯಿರಿ. ವಾಪಸು ತರುವಾಗ ರಿಜಿಸ್ಟರಿನ ನಕಲು ಹಿಡಿದು ಸಂಚಿಕೆ ಸಂಚಿಕೆಯಾಗಿ ಎಣಿಸಿ, ಡಿಸ್ಕನ್ನು ಅಲ್ಲೇ ಕಂಪ್ಯೂಟರಿಗೆ ಹಾಕಿ ಪ್ರತಿ ವರ್ಷದಿಂದ ಐದಾರು ಟಿಫ್ ಕಡತ ತೆರೆದು ನೋಡಿ. ಮಾರ್ಚ್ ಸಂಚಿಕೆಯ ನಮೂನೆ 4, ಕೊನೆಯ ಪುಟದ ಮುದ್ರಕರ ಸಾಲು, ಯಾವುದಾದರೂ ಒಂದು ಧಾರಣೆಯ ಚೌಕ, ಈ ಮೂರೂ ಹಿಗ್ಗಿಸಿದಾಗ ಓದಲು ಬಂದರೆ ಬಾಕಿ ಹಣ ಕೊಡಿ.